ಟೊಪ್ಪಿಗೆ ತೆಗೆಯುವ ಹೊತ್ತು

ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಮಸ್ಕಿ ಬಸ್ಸಿಗೆ ಕಾಯುತ್ತಿದ್ದ ಶಿವಕುಮಾರಿ ಟೀಚರಿಗೆ ಪಕ್ಕದ ಬೆಂಚಿನವರ ಮಾತಿಗೆ ಕಿವಿಗೊಡುವ ಮನಸ್ಸೇನೂ ಇರಲಿಲ್ಲ. ಆದರೆ ಅಲ್ಲಿ ಅಪ್ಪನ ಜೊತೆ ಕೂತಿದ್ದ ಹುಡುಗಿಯ ತೊಡೆಯ ಮೇಲಿದ್ದ, ಕುದುರೆ ಸವಾರರು ಹಾಕುವ ಹೆಲ್ಮೆಟ್ಟಿನಲ್ಲಿ ಅಂಗೈಯಗಲ ತಗ್ಗು ಬಿದ್ದಿತ್ತು. ಅವಳಪ್ಪ ಅದನ್ನೇ ದುರುಗುಟ್ಟಿ ನೋಡುತ್ತಿದ್ದ.

“ಕುದುರಿ ಸಹವಾಸ ಸಾಕು ಅಂತ ನಿಮ್ಮವ್ವ ಹೇಳಿ ಕಳಿಸ್ಯಾಳ, ನಂದಿನಿ. ಓಡಸುವಾಗ ಬಿದ್ದೇನು?”

“ಬಿದ್ದಿಲ್ಲಪ್ಪಾ. ಇಳದು ಗೊರಸು ತೊಳ್ಯಾಕತ್ತಿದ್ದೆ. ಒದೀತು.”

“ಇಳದ ಮ್ಯಾಲೂ ಹೆಲ್ಮೆಟ್ ಹಾಕ್ಕೊಂಡಿದ್ದಿ?”

“ಹೂಂ. ಲಾಯದಾಗ ಎಲ್ಲಾರೂ ನಗ್ತಾರ. ನಗ್ಲಿ. ಕುದುರಿ ಕಟ್ಟಿ ಹೊರಗ ಬರೋತನಕ ನಾ ತೆಗಿಯಂಗಿಲ್ಲ.”

“ಯಾರು ಕಲಿಸಿದ್ರು ಇದನ್ನ?”

“ನೀನ. ಹಟ್ಟಿ ಗಣಿಯಿಂದ ಮ್ಯಾಲ ಬಂದ್ರೂ, ಹಾಜರಿಗೆ ಕೊಟ್ಟ ನಂಬರ್ ಬಿಲ್ಲಿ ವಾಪಸ್ ಕೊಡೋತನಕ ಟೊಪ್ಪಿಗಿ ತೆಗಿಯಂಗಿಲ್ಲ ಅಂತಿದ್ದಿಲ್ಲ?”

ಅಪ್ಪ ಹೆಲ್ಮೆಟ್ ಇಸಿದುಕೊಂಡು ತಗ್ಗಿನ ಮೇಲೆ ಹೆಬ್ಬೆರಳಾಡಿಸಿದ.

“ಹಟ್ಟಿ ಬಸ್ ಬಂತಪ್ಪಾ, ಏಳು.”

“ಹೋಗ್ಲಿ ಬಿಡು. ಪೆಟ್ಟು ತಿಂದ ಟೊಪ್ಪಿಗಿ ಇನ್ನೊಂದು ಪೆಟ್ಟು ತಡಿಯಂಗಿಲ್ಲ. ಇಂಥಾದು ಹೊಸಾದು ಎಲ್ಲಿ ಸಿಗತೈತಿ?”

“ಹೈದರಾಬಾದಿನ್ಯಾಗ.”

“ನಡಿ ಮತ್ತ.”

ಹೈದರಾಬಾದ್ ಬಸ್ಸಿನ ಕಡೆ ಹೆಜ್ಜೆ ಹಾಕುತ್ತಲೇ ಅವನು ಹಳೆಯ ಹೆಲ್ಮೆಟ್ಟನ್ನು ತನ್ನ ಚೀಲದ ತಳಕ್ಕೆ ತುರುಕಿ, ಮೇಲೆ ಟವೆಲ್ ಮುಚ್ಚಿದ.

“ನಿಮ್ಮವ್ವ ಕೇಳಿದ್ರ, ಅಪ್ಪ ಭಾಳ ಬೈದ ಅಂತ ಹೇಳು.”