ಹದ ನೋಡುವವನು

ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಹೊರನಾಡಿನ ಬಸ್ಸಿಗೆ ಕಾಯುತ್ತಿದ್ದ ವಸಂತಮ್ಮನಿಗೆ ಬೆನ್ನ ಹಿಂದಿನ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಕಾಫಿಪುಡಿ ಅಂಗಡಿಯ ಜಯದೇವಪ್ಪ ಮತ್ತು ಅವರ ಹೆಂಡತಿ ಸರ್ವಮಂಗಳಾ. ಒಲೆ ಆರಿಸಿ, ಅಂಗಡಿಗೆ ಬೀಗ ಹಾಕಿ, ಚಿಕ್ಕಮಗಳೂರಿನಲ್ಲಿ ಎರಡನೇ ಅಂಗಡಿ ಗೊತ್ತುಮಾಡಲು ಹೊರಟಿದ್ದರು.

“ಆ ಜ್ವರ ಬಂದಾಗಿಂದ ನಂಗೆ ವಾಸನೆನೇ ಗೊತ್ತಾಗಲ್ಲ ಕಣೆ.”

“ನೆಗಡಿ ಇರ್ಬೇಕು.”

“ನೆಗಡಿ ವರ್ಷಗಟ್ಲೆ ಇರುತ್ತಾ?”

“ಮತ್ತೆ ನಿಮ್ಮ ಹುರಿಯೋ ಹದಕ್ಕೇ ಅಂತ ಕಳಸದಿಂದ ಜನ ಬರ್ತಾರಲ್ಲ?”

“ಹದ ನೋಡೋದು ನಾನಲ್ಲ. ಹಿಂದಿಂದ ಯಾರೋ ಭುಜ ಮುಟ್ತಾರೆ. ಆಗ ಬೀಜ ಇಳಿಸ್ತೀನಿ.”

“ತಿರುಗಿ ನೋಡ್ಲಿಲ್ವಾ?”

“ಒಂದ್ಸಲ ನೋಡ್ದೆ. ಆ ಸಲದ ಬೀಜ ಸೀದು ಇದ್ದಿಲಾಯ್ತು.”

“ಯಾರಿದ್ರು, ನಿಮ್ಮಪ್ಪನಾ?”

“ಅಪ್ಪ ಆಗಿದ್ರೆ ಬೈತಿದ್ರು ಮಾರಾಯ್ತಿ. ಅಲ್ಲಿ ನಾನೇ ನಿಂತಿದ್ದೆ. ಕಣ್ಮುಚ್ಚಿ ವಾಸನೆ ನೋಡ್ತಿದ್ದೆ.”

ಚಿಕ್ಕಮಗಳೂರಿನ ಬಸ್ಸು ಬಂದು ನಿಂತಿತು.

“ಏಳಿ. ತಡ ಮಾಡಿದ್ರೆ ಅಂಗಡಿ ಬೇರೆಯವ್ರ ಪಾಲಾಗುತ್ತೆ.”

“ಆಗ್ಲಿ ಬಿಡು. ಅವನು ಈ ಒಲೆ ಬಿಟ್ಟು ಬರಲ್ಲ. ಅಲ್ಲಿ ನಾನೊಬ್ನೇ ಏನು ಹುರೀಲಿ?”

ಬಸ್ಸು ಹೊರಟುಹೋಯಿತು. ಇಬ್ಬರೂ ಎದ್ದು ಅಂಗಡಿಯ ದಾರಿ ಹಿಡಿದರು. ಅಷ್ಟರಲ್ಲಿ ಅತ್ತ ಕಡೆಯಿಂದಲೇ ಹದವಾಗಿ ಹುರಿದ ಕಾಫಿಯ ಘಮ ಗಾಳಿಯಲ್ಲಿ ತೇಲಿ ಬಂತು. ವಸಂತಮ್ಮ ತಿರುಗಿ ಅತ್ತ ನೋಡಿದರು. ಸರ್ವಮಂಗಳಾ ರಸ್ತೆಯ ನಡುವೆಯೇ ನಿಂತುಬಿಟ್ಟರು.

ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ ಜಯದೇವಪ್ಪ ತಿರುಗಿ, “ಯಾಕೆ ನಿಂತೆ?” ಅಂದರು.