ನಾಲಿಗೆಯ ಅಡಿಯ ಗುಳಿಗೆ

ಕಾರವಾರದಲ್ಲಿ ಹೃದಯದ ಡಾಕ್ಟರನ್ನು ಕಂಡು, ಬೆಳಂಬಾರದ ಮೀನುಗಾರ ಕುಪ್ಪ ಅಂಕೋಲೆಯ ಬಸ್ಸಿನಲ್ಲಿ ಮರಳುತ್ತಿದ್ದರು. ಪಕ್ಕದಲ್ಲಿ ರಸಾಯನಶಾಸ್ತ್ರ ಓದುವ ತಂಗಿಯ ಮಗಳು ಮಾನಸಾ. ಹಿಂದಿನ ಸೀಟಿನಲ್ಲಿ ನಾನಿದ್ದೆ.

“ಆಪರೇಷನ್ ಬೇಡ ಅಂದ್ರಲ್ಲ ಮಾಮಾ, ಇನ್ನಾದ್ರೂ ನಗಿ.”

“ಎದೆ ಹಿಡಿದಾಗ ಗುಳಿಗೆ ತಕಂಡ್ರೂ ನೋವು ಹೋಗ್ಲಿಲ್ಲ. ನನ್ನ ಕತೆ ಮುಗೀತು ಅಂದ್ಕಂಡಿದ್ದೆ.”

“ನಾಲಿಗೆ ಅಡಿಗೆ ಇಟ್ಕಂಡು, ರಸ ಎಲ್ಲ ದೋಣಿಯಿಂದ ಕಡಲಿಗೆ ಉಗುಳಿದ್ರೆ ಹೋಗ್ತದಾ?”

“ಹುಡುಗನಿದ್ದಾಗಿಂದ ಎಲೆಯಡಿಕೆ ಕವಳ ಹಾಕಿದ ಬಾಯಿ ಮಾರಾಯ್ತಿ. ಏನಿಟ್ರೂ ಉಗುಳ್ತದೆ.”

“ಮದ್ದು ಬಾಯಲ್ಲೇ ಕರಗಿ ರಕ್ತಕ್ಕೆ ಸೇರಬೇಕು. ಒಳಗೆ ಅದರಿಂದ ನೈಟ್ರಿಕ್ ಆಕ್ಸೈಡ್ ಹುಟ್ತದೆ. ಅದೇ ಬಿಗಿದ ರಕ್ತನಾಳ ಸಡಿಲ ಮಾಡೂದು.”

“ಹಂಗಾರೆ ಇಷ್ಟು ದಿನ ಮೀನಿನ ಎದೆ ಸಡಿಲಾಯ್ತು.”

“ಈಗ ನಗು ಬಂತು! ಇವತ್ತು ಆಸ್ಪತ್ರೆ ಮೆಟ್ಟಿಲಲ್ಲಿ ನೋವು ಬಂದಾಗ ಡಾಕ್ಟರ ಎದುರು ಉಗುಳದೆ ಇಟ್ಕಂಡ್ರಿ. ಹೋಯ್ತಲ್ಲ?”

“ಹೋಯ್ತು. ತಲೆ ಮಾತ್ರ ಸಿಡೀತು.”

“ಆ ಮದ್ದಿಗೆ ತಲೆನೋವು ಬರೂದೇ, ಹೆದರಬೇಡಿ ಅಂದ್ರಲ್ಲ. ಅದಿರ್ಲಿ, ಕವಳದ ಸಂಚಿ ಎಲ್ಲಿ?”

“ಡಾಕ್ಟರ ಮೇಜಿನ ಮೇಲೇ ಬಿಟ್ಟೆ.”

“ಮರೆತ್ರಾ?”

ಅಂಕೋಲೆ ಬಂತು. ಕುಪ್ಪ ಎದ್ದು ಕಂಬಿ ಹಿಡಿದರು.

“ದೋಣಿಯವ್ರು ಕೇಳಿದ್ರೆ ಮರೆತದ್ದು ಅಂತ್ಲೇ ಹೇಳು. ಹೆದರಿ ಬಿಟ್ಟದ್ದು ಅನಬೇಡ.”

ಇಬ್ಬರೂ ನಗುತ್ತ ಇಳಿದರು.