ಬೀಗದ ಕಿಂಡಿಗೆ ಕಣ್ಣಿಟ್ಟ ಸಾಹುಕಾರ

ಪ್ರವಚನಕ್ಕೆಂದು ಒಳಗೆ ಬರುವಾಗ ಬಾಗಿಲಲ್ಲಿ ನಿಮ್ಮ ಚಪ್ಪಲಿಗಳು ಕಂಡವು. ಒಂದು ಚಪ್ಪಲಿ ಕಂಬದ ಈಚೆ, ಅದರ ಜೋಡಿ ನಲ್ಲಿಯ ಆಚೆ. ಯಾಕೆ? ಕಳ್ಳನಿಗೆ ಜೋಡಿ ಸಿಗಬಾರದು. ಒಳ್ಳೆಯ ಮಾತು ಕೇಳಲು ಬಂದವರು, ಪಕ್ಕದಲ್ಲಿ ಕೂರುವವನು ಕಳ್ಳ ಅಂತ ಮೊದಲೇ ತೀರ್ಮಾನ ಮಾಡಿಯೇ ಬಂದಿದ್ದೀರಿ! ನಗಬೇಡಿ. ನಕ್ಕವರ ಚಪ್ಪಲಿಯೇ ಹೆಚ್ಚು ದೂರ ದೂರ ಬಿದ್ದಿರುತ್ತದೆ. ಇವತ್ತಿನ ಕಥೆ ನಿಮಗೇ.

ಒಂದೂರು, ಆ ಊರಲ್ಲೊಬ್ಬ ಸಾಹುಕಾರ. ನಮ್ಮ ಸೀಮೆಯವನಲ್ಲ, ಇಟಲಿ ದೇಶದ ಕೆಳತುದಿಯಲ್ಲಿ ಸಿಸಿಲಿ ಅಂತ ಒಂದು ದ್ವೀಪ, ಅಲ್ಲಿನ ಗುಡ್ಡದೂರಿನವನು. ಚಾಕಲೇಟು ಮಾಡುವುದು ಅವನ ಮನೆತನದ ಕಸುಬು. ನಿಮ್ಮ ಮಕ್ಕಳು ಹಟ ಮಾಡಿ ಕೊಡಿಸಿಕೊಳ್ಳುವ ಬೆಣ್ಣೆಯಂಥ ಚಾಕಲೇಟಲ್ಲ. ನಮ್ಮ ಅಜ್ಜಿಯರು ಖಾರ ಅರೆಯುತ್ತಿದ್ದರಲ್ಲ, ಹೆಚ್ಚುಕಡಿಮೆ ಅಂಥದೇ ಕಲ್ಲು, ನಡು ಸ್ವಲ್ಪ ತಗ್ಗಿದ್ದು. ಅದರ ಕೆಳಗೆ ಒಂದಿಷ್ಟು ಕೆಂಡ. ಹುರಿದ ಕೋಕೋ ಬೀಜವನ್ನು ಮೊಣಕಾಲೂರಿ ಅರೆಯಬೇಕು. ಕಲ್ಲು ಉಗುರು ಬೆಚ್ಚಗಿರಬೇಕು, ಸುಡಬಾರದು. ಹಾಕಿದ ಸಕ್ಕರೆ ಕರಗದೆ ಹಲ್ಲಿಗೆ ಕರಕರ ಸಿಗಬೇಕು. ಮೇಲೊಂದಿಷ್ಟು ದಾಲ್ಚಿನ್ನಿ ಪುಡಿ. ತಗಡಿನ ಅಚ್ಚಿಗೆ ತುಂಬಿ ಕುಟ್ಟಿದರೆ ಬಿಲ್ಲೆ ಸಿದ್ಧ. ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲರೂ ಮಾಡಿದ್ದು ಹೀಗೆಯೇ.

ಆ ಮನೆಯಲ್ಲೊಂದು ಕಟ್ಟಳೆ. ಮೊದಲ ತುಣುಕು ಹಿರಿಯನ ನಾಲಿಗೆಗೆ. ಅವನು 'ಸೈ' ಅನ್ನಬೇಕು. ಉಳಿದವರು ಬೆರಳು ಕೂಡ ನೆಕ್ಕುವಂತಿಲ್ಲ. ಬೀಜ ಹುರಿಯುವವನು ತಮ್ಮ, ಅರೆಯುವವಳು ತಮ್ಮನ ಹೆಂಡತಿ, ರುಚಿ ನೋಡುವವನು ಸಾಹುಕಾರ ಒಬ್ಬನೇ. ನೋಡಿ, ಎಂಥ ಕಟ್ಟಳೆ! ಕೈ ಅವರದು, ನಾಲಿಗೆ ಇವನದು.

ಒಂದು ಚಳಿಗಾಲ ಸಾಹುಕಾರನಿಗೆ ಭಾರೀ ನೆಗಡಿ, ಜ್ವರ. ಮಲಗಿದ, ಎದ್ದ. ಎದ್ದು ಬಂದು ತುಣುಕು ಬಾಯಿಗಿಟ್ಟುಕೊಂಡ. ಸಿಹಿ ಇದೆ, ಕಹಿ ಇದೆ, ಒಳಗಿನ ಜೀವವೇ ಇಲ್ಲ. ಸಕ್ಕರೆ ಕಲಸಿದ ಮಣ್ಣು! 'ನಾನು ಹಾಸಿಗೆ ಹಿಡಿದದ್ದೇ ತಡ, ಮಾಲು ಕದಿಯುವ ಇವರ ಕೈಚಳಕ ಶುರುವಾಯಿತು' ಅಂದುಕೊಂಡ. ದಾಲ್ಚಿನ್ನಿ ಮಾರುವವನ ಕೆಲಸವೋ? ಅವನನ್ನು ಬಿಡಿಸಿದ. ಮತ್ತೆ ಮಣ್ಣೇ. ಬೀಜ ತರುವವನೋ? ಅವನನ್ನೂ ಬಿಡಿಸಿದ. ಮತ್ತೆ ಮಣ್ಣೇ. ಗಿರಾಕಿಗಳು ಎಂದಿನಂತೆ ಚಪ್ಪರಿಸಿ ತಿಂದು ಹೊಗಳಿದರು. 'ಸುಮ್ಮಸುಮ್ಮನೆ ಯಾರಾದರೂ ಹೊಗಳುತ್ತಾರೆಯೇ? ಇವರೂ ಶಾಮೀಲು!' ಹಟಕ್ಕೆ ಬಿದ್ದು ತಾನೇ ದಾಲ್ಚಿನ್ನಿ ಸುರಿದ, ಮತ್ತೆ ಮತ್ತೆ ಸುರಿದ. ಈಗ ಗಿರಾಕಿಗಳು ಮುಖ ಕಿವುಚಿದರು. 'ಪಕ್ಕದ ಅಂಗಡಿಯವನು ಹೇಳಿಕೊಟ್ಟು ಕಳಿಸಿದ್ದಾನೆ' ಅಂದ. ಹೊಗಳಿದರೂ ಕಳ್ಳ, ತೆಗಳಿದರೂ ಕಳ್ಳ. ಅನುಮಾನದ ಹೊಟ್ಟೆಗೆ ಯಾವ ಕೂಳಾದರೂ ನಡೆಯುತ್ತದೆ, ಬಂಧುಗಳೇ.

ಹೊರಗಿನವರೆಲ್ಲ ಮುಗಿದ ಮೇಲೆ ಉಳಿದವರು ಯಾರು? ಮನೆಯವರು. ಒಂದು ದಿನ ತುಂಬಿದ ಅಂಗಡಿಯಲ್ಲಿ ತಮ್ಮನ ಹೆಂಡತಿಯನ್ನು ತಡೆದು ನಿಲ್ಲಿಸಿದ.

"ನಿಲ್ಲು. ಸೊಂಟದಾಗ ಏನ ಕಟ್ಟಿಕೊಂಡಿ? ಬಿಚ್ಚು."

"ಭಾವಾರ, ಮಂದಿ ನೋಡಾಕತ್ತಾರ್ರೀ..."

"ನೋಡ್ಲಿ. ಮಂದೀನ ಸಾಕ್ಷಿ."

ಬಿಚ್ಚಿದಳು. ಬಿದ್ದದ್ದು ಒಣಗಿದ ರೊಟ್ಟಿಯ ತುಂಡು, ಆಕೆಯ ಮಧ್ಯಾಹ್ನದ ಊಟ. ಸಾಹುಕಾರ ನಾಚಿದನೇ? ಎಲ್ಲಿ ಬಂತು! "ಇವತ್ತ ಸುಳಿವು ಸಿಕ್ಕೈತಿ, ಅದಕ್ಕ ರೊಟ್ಟಿ ಇಟ್ಕೊಂಡ ಬಂದಾಳ" ಅಂದ.

ಆಕೆ ರೊಟ್ಟಿಯ ಧೂಳು ಕೊಡವಿದಳು. "ಈ ಕಲ್ಲು ನನ್ನ ಮೊಣಕಾಲ ತಿಂದೈತ್ರಿ ಭಾವಾರ. ಇದರ ಮ್ಯಾಲಿಂದು ಒಂದ ಹರಳು ನಾ ತಿಂದಿಲ್ಲ."

ತಮ್ಮ ಇಷ್ಟೇ ಅಂದ: "ನಾಳೆ ನಾವು ಹೋಗ್ತೀವಿ ಯಣ್ಣಾ. ಕಲ್ಲು ನಿಂದು, ಮನಿ ನಿಂದು. ಸುಖವಾಗಿರು."

ಮರುದಿನ ಬೆಳಿಗ್ಗೆ ಅವರು ಗಂಟು ಕಟ್ಟುತ್ತಿದ್ದರು. ಸಾಹುಕಾರನಿಗೆ ಹೊಸ ಅನುಮಾನ: ಹೋಗುವ ಮುಂಚೆ ಮನೆತನದ ಹದ ಕದ್ದೊಯ್ದರೆ? ಇಷ್ಟು ವರ್ಷ ಹುರಿದವನು, ಅರೆದವಳು ಅವರೇ ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಒಲೆಯ ಮನೆಗೆ ಹೊಕ್ಕು ಒಳಗಿನಿಂದ ಅಗಳಿ ಹಾಕಿಕೊಂಡ. ತಾನೇ ಬಾಣಲೆಯಲ್ಲಿ ಬೀಜ ಹುರಿಯಲಿಟ್ಟ. ಇಟ್ಟ ಬೀಜವನ್ನು ಕೈಯಾಡಿಸಿದನೇ? ಇಲ್ಲ! ಬೀಗದ ಕಿಂಡಿಗೆ ಕಣ್ಣಿಟ್ಟು ನಿಂತ. ಯಾರು ಇಣುಕುತ್ತಾರೆ, ಯಾರು ಇಣುಕುತ್ತಾರೆ. ನೋಡಿ ಆ ಮನುಷ್ಯನನ್ನು: ಕಣ್ಣು ಕಿಂಡಿಗೆ, ಬೆನ್ನು ಒಲೆಗೆ.

ಸ್ವಲ್ಪ ಹೊತ್ತಿಗೆ ಹೊರಗೆ ಕಾಲ ಸಪ್ಪಳ. ಬಾಗಿಲು ದಬದಬ.

"ಯಣ್ಣಾ! ಬೀಜ ಸೀಯಾಕತ್ತಾವು, ತಗೀ!"

"ಬಂದ್ರಿ ಹೌದಲ್ಲ ಕಳ್ಳರು! ಬಾಗಿಲಾ ತಗಸಾಕ ಈ ಆಟೇನು?"

"ಆಟ ಅಲ್ಲೋ ಯಣ್ಣಾ! ಓಣಿ ಮಂದಿಯೆಲ್ಲ ಮೂಗು ಮುಚ್ಚಿಕೊಂಡ ಬಂದಾರ. ಅಷ್ಟ ವಾಸನಿ ಐತಿ!"

"ಯಾವ ವಾಸನಿ?"

ಬಾಗಿಲ ಆಚೆಯಿಂದ ತಮ್ಮ ಕೇಳಿದ: "ನಿನಗ ವಾಸನಿ ಬರವಲ್ದೇನೋ ಯಣ್ಣಾ?" ಆ ಮಾತಿಗೇ ಸಾಹುಕಾರ ಹೆದರಿದ. ತಿರುಗಿದ. ಬಾಣಲೆ ತುಂಬ ಇದ್ದಿಲು. ಹೊಗೆ ಆಗಲೇ ಅವನ ಹೆಗಲಿಗೆ ಬಂದಿತ್ತು. ಉಸಿರೆಳೆದ. ಏನೂ ಇಲ್ಲ. ಇನ್ನೊಮ್ಮೆ ಎಳೆದ. ಏನೂ ಇಲ್ಲ. ಜ್ವರ ಅವನ ಮೂಗನ್ನು ಹೊತ್ತೊಯ್ದಿತ್ತು. ಅವನು ಊರಿನವರ ಸೊಂಟ ತಡಕುತ್ತಿದ್ದ.

ಅಗಳಿ ತೆಗೆದ. ಎದುರಿಗೆ ತಮ್ಮ, ಅವನ ಹಿಂದೆ ಗಂಟು ಹಿಡಿದ ಆಕೆ. ಹಲಗೆಯ ಮೇಲೆ ಆಕೆ ಕೊನೆಯದಾಗಿ ಅರೆದ, ಅವನೇ ದಾಲ್ಚಿನ್ನಿ ಸುರಿದ ಬಿಲ್ಲೆ ಇತ್ತು. ಸಾಹುಕಾರ ಅದನ್ನು ಮುರಿದ. ರೂಢಿಯಂತೆ ಕೈ ತನ್ನ ಬಾಯಿಯ ತನಕ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಆಕೆಯ ಕಡೆ ಚಾಚಿತು.

"ನಂದ ತಪ್ಪಾತವ್ವಾ. ನೀನ ತಿಂದು ಹೇಳು. ಹೆಂಗೈತಿ?"

ಆ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿರಲಿಲ್ಲ. ಆಕೆ ಗಂಟು ಕೆಳಗಿಟ್ಟಳು. ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ಆಮೇಲೆ ಅಂದಳು:

"ದಾಲ್ಚಿನ್ನಿ ಭಾಳ ಆಗೈತ್ರಿ, ಭಾವಾರ."

ಕಥೆ ಮುಗಿಯಿತೆಂದು ಕಾಲು ಚಾಚಬೇಡಿ. ಈಗ ನಿಮ್ಮ ಸರದಿ. ಕೆಲಸದವಳು ಹೊರಡುವಾಗ ಆಕೆಯ ಚೀಲ ಬಿಚ್ಚಿಸುವ ತಾಯಂದಿರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ಎತ್ತುವುದಿಲ್ಲ ಅಂತ ಗೊತ್ತು. ಸೊಸೆ ಫೋನಿನಲ್ಲಿ ನಕ್ಕರೆ ಗೋಡೆಗೆ ಕಿವಿ ಕೊಡುವವರು? ತಮ್ಮ ಹೊಸ ಅಂಗಿ ತೊಟ್ಟರೆ 'ಎಲ್ಲಿಂದ ಬಂತು' ಅಂತ ಲೆಕ್ಕ ಹಾಕುವ ಅಣ್ಣಂದಿರು? ಲೋಕವೆಲ್ಲ ಕೆಟ್ಟುಹೋಯಿತು ಅನ್ನುತ್ತೀರಲ್ಲ, ನಿಮ್ಮ ಮೂಗು ನೆಟ್ಟಗಿದೆಯೇ, ಒಂದು ದಿನವಾದರೂ ನೋಡಿಕೊಂಡಿದ್ದೀರಾ?

ನಾಳೆ ಸಾರು ಸಪ್ಪೆ ಅನಿಸಿದರೆ ತಟ್ಟೆ ದೂಡಬೇಡಿ. ಮಾಡಿದವಳನ್ನು ಪಕ್ಕದಲ್ಲಿ ಕೂರಿಸಿ ಮೊದಲ ತುತ್ತು ಆಕೆಗೆ ಕೊಡಿ, 'ನಿನಗೆ ಹೇಗಿದೆ?' ಅಂತ ಕೇಳಿ. ಕೆಲಸದವಳ ಚೀಲ ಮುಟ್ಟುವುದನ್ನು ನಾಳೆಯಿಂದಲೇ ನಿಲ್ಲಿಸಿ. ಇಷ್ಟು ದಿನ ಬಿಚ್ಚಿಸಿದ್ದಕ್ಕೆ ಆಕೆಯೆದುರು ನಿಂತು ತಪ್ಪಾಯಿತು ಅನ್ನಿ. ಬಾಯಿ ಸವೆಯುವುದಿಲ್ಲ.

ಮತ್ತೆ ಆ ಚಪ್ಪಲಿ. ಮುಂದಿನ ಸಲ ಬಂದಾಗ ಎರಡನ್ನೂ ಒಟ್ಟಿಗೆ ಬಿಟ್ಟು ಬನ್ನಿ. ಕಳುವಾದರೆ? ಆಗಲಿ. ಬರಿಗಾಲಲ್ಲಿ ಮನೆಗೆ ನಡೆಯಿರಿ, ಅಂಗಾಲು ಸುಟ್ಟೀತು, ಅಷ್ಟೇ ತಾನೇ? ಕಾಲು ಸುಟ್ಟರೆ ನಿಮಗೆ ತಿಳಿಯುತ್ತದೆ. ಬೆನ್ನ ಹಿಂದೆ ಬೀಜ ಸೀದರೆ ತಿಳಿಯುವುದಿಲ್ಲ.